ಪುಷ್ಯ ಮಳೆಯಲ್ಲಿ ಫ್ರಿಡ್ಜ್ ಓಡಿಸುವ ಲೆಕ್ಕ

ಪ್ರಶ್ನೆ: ನಮ್ಮದು ಶೃಂಗೇರಿ ಸೀಮೆಯ ಒಂದು ಹಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. 2012ರಲ್ಲಿ ಕೊಂಡ 190 ಲೀಟರಿನ ಸಿಂಗಲ್ ಡೋರ್ ಫ್ರಿಡ್ಜ್ ಇದೆ. 900 ವಿಎ ಸೈನ್‌ವೇವ್ ಇನ್ವರ್ಟರ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ಮೊದಲಿನಿಂದ ಇವೆ, ಆದರೆ ಫ್ರಿಡ್ಜ್ ಇನ್ವರ್ಟರ್ ಲೈನಿಗೆ ಸೇರಿಲ್ಲ. ಅಪ್ಪಯ್ಯನ ಇನ್ಸುಲಿನ್ ಫ್ರಿಡ್ಜಿನಲ್ಲೇ ಇಡಬೇಕು. ಅಂಗಡಿಯವರು 330 ವ್ಯಾಟಿನ ಒಂದು ಪ್ಯಾನೆಲ್ ಹಾಕಿಸಿದರೆ ಸಾಕು ಎನ್ನುತ್ತಾರೆ. ಸಾಕಾಗುತ್ತದೆಯೇ? ಇನ್ನೊಂದು ಬ್ಯಾಟರಿ ಬೇಕೇ? ಕರೆಂಟ್ ಬಿಲ್ಲೂ ಕಡಿಮೆಯಾಗುತ್ತದೆಯೇ?

ಉತ್ತರ: ಸಾಕಾಗುವುದಿಲ್ಲ. ಈಗಿರುವ ಫ್ರಿಡ್ಜಿಗೆ ಆ ಒಂದು ಪ್ಯಾನೆಲ್ ಮಾರ್ಚ್ ತಿಂಗಳ ಬಿಸಿಲಿನಲ್ಲೂ ಸಾಲದು, ಜುಲೈ ಮಾತಂತೂ ದೂರ. ಆದರೆ ಇದಕ್ಕೆ ಪರಿಹಾರ ನಾಲ್ಕು ಪ್ಯಾನೆಲ್, ನಾಲ್ಕು ಬ್ಯಾಟರಿ ಹಾಕುವುದೂ ಅಲ್ಲ. ಮೊದಲು ಬದಲಾಗಬೇಕಾದ್ದು ಫ್ರಿಡ್ಜ್. ಯಾಕೆ ಎನ್ನುವುದನ್ನು ಲೆಕ್ಕದಲ್ಲೇ ನೋಡೋಣ.

ಫ್ರಿಡ್ಜ್ ಎಷ್ಟು ವ್ಯಾಟಿನದು ಎಂದು ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಕಂಪ್ರೆಸರ್ ಓಡುವಾಗ 100 ವ್ಯಾಟ್ ಎಳೆಯಬಹುದು, ಆದರೆ ಅದು ದಿನವಿಡೀ ಓಡುವುದಿಲ್ಲ. ಬೇಕಾದ್ದು ದಿನಕ್ಕೆ ಎಷ್ಟು ಯೂನಿಟ್ ಎಂಬ ಲೆಕ್ಕ (1000 ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್). ಹೊಸ ಫ್ರಿಡ್ಜುಗಳ ಸ್ಟಾರ್ ಲೇಬಲ್ ಮೇಲೆ ವರ್ಷದ ಯೂನಿಟ್ ಅಚ್ಚಾಗಿರುತ್ತದೆ. 365ರಿಂದ ಭಾಗಿಸಿ, ಮನೆಯಲ್ಲಿ ಬಾಗಿಲು ತೆಗೆದು ಹಾಕುವುದಕ್ಕೆ, ಬಿಸಿ ಹಾಲು ಇಡುವುದಕ್ಕೆ ಅಂತ ಮೂರನೇ ಒಂದು ಪಾಲು ಸೇರಿಸಿಕೊಳ್ಳಿ. ಹಳೆಯದಕ್ಕೆ ಲೇಬಲ್ ನಂಬಬೇಡಿ, ಅಳೆಯಿರಿ. ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ ಸಣ್ಣ ಎನರ್ಜಿ ಮೀಟರ್ ಸಿಗುತ್ತದೆ, ಎರಡು ದಿನ ಹಾಕಿಟ್ಟರೆ ಆಯಿತು.

ಅದೂ ಇಲ್ಲದಿದ್ದರೆ ಮನೆಯ ಡಿಜಿಟಲ್ ಮೀಟರೇ ಸಾಕು. ಅದರಲ್ಲಿ ಮಿನುಗುವ ಕೆಂಪು ದೀಪದ ಪಕ್ಕ 3200 ಅಥವಾ 1600 ಎಂದು ಬರೆದಿರುತ್ತದೆ, ಒಂದು ಯೂನಿಟ್ಟಿಗೆ ಅಷ್ಟು ಮಿನುಗು ಎಂದರ್ಥ. ಉಳಿದದ್ದನ್ನೆಲ್ಲ ಆಫ್ ಮಾಡಿ ಫ್ರಿಡ್ಜ್ ಒಂದನ್ನೇ ಓಡಿಸಿ. ಇನ್ವರ್ಟರಿನ ಚಾರ್ಜಿಂಗನ್ನೂ ನಿಲ್ಲಿಸಿ, ಇದನ್ನು ಹೆಚ್ಚಿನವರು ಮರೆಯುತ್ತಾರೆ. 3200ರ ಮೀಟರಿನಲ್ಲಿ ಎರಡು ಮಿನುಗುಗಳ ನಡುವೆ 11 ಸೆಕೆಂಡ್ ಇದ್ದರೆ ಕಂಪ್ರೆಸರ್ ಸುಮಾರು 100 ವ್ಯಾಟ್ ಎಳೆಯುತ್ತಿದೆ. ಆಮೇಲೆ ಒಂದು ಗಂಟೆಯಲ್ಲಿ ಅದು ಎಷ್ಟು ನಿಮಿಷ ಓಡಿತು ಎಂದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಸಲ ನೋಡಿಕೊಂಡು ಸರಾಸರಿ ತೆಗೆಯಿರಿ. ಅದರಿಂದ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂದು ತಿಳಿದು, ವ್ಯಾಟಿಗೆ ಗುಣಿಸಿ 1000ರಿಂದ ಭಾಗಿಸಿದರೆ ದಿನದ ಯೂನಿಟ್.

ಹದಿಮೂರು ಹದಿನಾಲ್ಕು ವರ್ಷದ, ಬಾಗಿಲಿನ ರಬ್ಬರು ಸಡಿಲವಾದ 190 ಲೀಟರಿನ ಫ್ರಿಡ್ಜ್ ಸಾಮಾನ್ಯವಾಗಿ ದಿನಕ್ಕೆ ಒಂದರಿಂದ ಒಂದೂಕಾಲು ಯೂನಿಟ್ ತಿನ್ನುತ್ತದೆ. ನಿಮ್ಮದನ್ನು 1.1 ಎಂದು ಹಿಡಿಯೋಣ. ಅದೇ ಅಳತೆಯ ಈಗಿನ ಡೈರೆಕ್ಟ್ ಕೂಲ್ (ಒಳಗೆ ಫ್ಯಾನ್ ಇಲ್ಲದೆ ತಂಪು ತಾನಾಗಿ ಇಳಿಯುವ) ಫ್ರಿಡ್ಜ್, ಇನ್ವರ್ಟರ್ ಕಂಪ್ರೆಸರಿನದು, ಬಳಕೆಯಲ್ಲಿ 0.55ರ ಆಸುಪಾಸಿನಲ್ಲಿ ಮುಗಿಸುತ್ತದೆ.

ಇಲ್ಲಿಗೆ ಲೆಕ್ಕ ನಿಂತರೆ ಮೋಸ ಹೋದಿರಿ. ಇನ್ವರ್ಟರ್ ತಾನೂ ತಿನ್ನುತ್ತದೆ. ಏನೂ ಲೋಡ್ ಇಲ್ಲದೆ ಸುಮ್ಮನೆ ಆನ್ ಆಗಿ ಕೂತ 900 ವಿಎ ಇನ್ವರ್ಟರ್ 10ರಿಂದ 25 ವ್ಯಾಟ್ ಬ್ಯಾಟರಿಯಿಂದ ಹೀರುತ್ತಿರುತ್ತದೆ. 15 ಎಂದೇ ಹಿಡಿಯಿರಿ, ಇಪ್ಪತ್ತನಾಲ್ಕು ಗಂಟೆಗೆ 0.36 ಯೂನಿಟ್. ಒಳ್ಳೆಯ ಹೊಸ ಫ್ರಿಡ್ಜ್ ತಿನ್ನುವುದರ ಅರ್ಧಕ್ಕಿಂತ ಹೆಚ್ಚು! ಅಂಗಡಿಯ ಕೊಟೇಷನ್ನಿನಲ್ಲಿ ಈ ಸಾಲು ಇರುವುದೇ ಇಲ್ಲ. ಇದರ ಮೇಲೆ 12 ವೋಲ್ಟ್ ಡಿಸಿಯನ್ನು 230 ವೋಲ್ಟ್ ಎಸಿ ಮಾಡುವಾಗ ನೂರಕ್ಕೆ ಹದಿನೈದು ಸೋರುತ್ತದೆ. ನಿಮ್ಮ ಟ್ಯೂಬುಲರಿನಂಥ ಲೆಡ್ ಆಸಿಡ್ ಬ್ಯಾಟರಿಗೆ ತುಂಬಿ ತೆಗೆಯುವಾಗ ಇನ್ನಷ್ಟು ಸೋರುತ್ತದೆ.

ಎಲ್ಲ ಸೇರಿಸಿದರೆ ಹಳೆಯ ಫ್ರಿಡ್ಜಿಗೆ: 1.1ನ್ನು 0.85ರಿಂದ ಭಾಗಿಸಿದರೆ 1.3, ಇನ್ವರ್ಟರಿನ 0.36 ಸೇರಿ 1.65, ಬ್ಯಾಟರಿ ಸೋರಿಕೆ ಸೇರಿ ಪ್ಯಾನೆಲ್ ಕಡೆಯಿಂದ ದಿನಕ್ಕೆ ಸುಮಾರು 1.9 ಯೂನಿಟ್ ಬರಬೇಕು. ಹೊಸ ಫ್ರಿಡ್ಜಿಗೆ ಇದೇ ಲೆಕ್ಕ ಹಾಕಿದರೆ 1.15.

ಈಗ ಬಿಸಿಲಿನ ಕಡೆ ಬನ್ನಿ. ಪ್ಯಾನೆಲ್ ಮೇಲೆ ಬರೆದ 330 ವ್ಯಾಟ್ ಪ್ರಯೋಗಾಲಯದ ಲೆಕ್ಕ: ಪ್ರತಿ ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಪ್ಯಾನೆಲ್ಲಿನ ಒಳಗೆ 25 ಡಿಗ್ರಿ ಮಾತ್ರ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ಮುಟ್ಟುತ್ತದೆ, ಪ್ರತಿ ಡಿಗ್ರಿಗೆ ಶೇಕಡಾ 0.35–0.4ರಷ್ಟು ಇಳುವರಿ ಇಳಿಯುತ್ತದೆ. ಧೂಳು, ತಂತಿ, ಕಂಟ್ರೋಲರ್ (ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಚಾರ್ಜ್ ನಿಯಂತ್ರಿಸುವ ಪೆಟ್ಟಿಗೆ) ಎಲ್ಲ ಕಳೆದು 0.7ರಿಂದ ಗುಣಿಸಿದರೆ ವಾಸ್ತವಕ್ಕೆ ಹತ್ತಿರ. ಇನ್ನು ‘ಬಿಸಿಲಿನ ಗಂಟೆ’ ಎಂದರೆ ಸೂರ್ಯ ಕಾಣಿಸಿದ ಹೊತ್ತಲ್ಲ, ದಿನದ ಒಟ್ಟು ಬೆಳಕನ್ನು ಪೂರ್ತಿ ಬಿಸಿಲಿಗೆ ಸಮ ಮಾಡಿದ ಲೆಕ್ಕ. ಮಾರ್ಚಿನಲ್ಲಿ ನಿಮ್ಮಲ್ಲೂ 6 ಗಂಟೆ ಸಿಗುತ್ತದೆ. ಜುಲೈನಲ್ಲಿ ಸರಾಸರಿ 3ರ ಆಸುಪಾಸು. ಪುಷ್ಯ ಮಳೆ ಕಟ್ಟಿಕೊಂಡು ಹೊಡೆಯುವ ದಿನಗಳಲ್ಲಿ 1, ಹೆಚ್ಚೆಂದರೆ ಒಂದೂವರೆ. ಪಾವಗಡದ ಬಯಲಿನಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಎದ್ದದ್ದು, ಘಟ್ಟದ ನೆತ್ತಿಯಲ್ಲಿ ಏಳದೇ ಇದ್ದದ್ದು ಸುಮ್ಮನೆ ಅಲ್ಲ.

330 ವ್ಯಾಟ್, 6 ಗಂಟೆ, 0.7: ಮಾರ್ಚಿನಲ್ಲಿ 1.39 ಯೂನಿಟ್. ಬೇಕಾದ್ದು 1.9. ಜುಲೈನಲ್ಲಿ 0.69. ಅಂಗಡಿಯವರು ಹೇಳಿದ ‘ಸಾಕು’ ಎಲ್ಲಿ ನಿಲ್ಲುತ್ತದೆ ನೋಡಿ. ಹಳೆಯ ಫ್ರಿಡ್ಜನ್ನೇ ಜುಲೈ ಸರಾಸರಿಯಲ್ಲಿ ಓಡಿಸಬೇಕೆಂದರೆ 900 ವ್ಯಾಟ್ ಪ್ಯಾನೆಲ್ ಬೇಕು, ಜೊತೆಗೆ ಬ್ಯಾಟರಿಯೂ ಎರಡಾಗಬೇಕು. 150 ಎಎಚ್ ಬ್ಯಾಟರಿಯಲ್ಲಿ ಬರೆದ ಲೆಕ್ಕಕ್ಕೆ (150 ಗುಣಿಸು 12 ವೋಲ್ಟ್) 1.8 ಯೂನಿಟ್ ಇದೆ, ಆದರೆ ಆಯುಸ್ಸು ಉಳಿಯಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ಕೈಗೆ ಸಿಗುವುದು 0.9. ಸಂಜೆ ಐದರಿಂದ ಬೆಳಿಗ್ಗೆ ಒಂಬತ್ತರವರೆಗೆ ಹಳೆಯ ಫ್ರಿಡ್ಜ್ ಒಂದೇ 1.1 ಎಳೆದು ಮುಗಿಸುತ್ತದೆ. ಹೊಸದಕ್ಕೆ 0.67 ಸಾಕು, ನಾಲ್ಕೈದು ಎಲ್‌ಇಡಿ ಬಲ್ಬಿಗೂ ಜಾಗ ಉಳಿಯುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಫ್ಯಾನ್ ಹಾಕುವ ಪ್ರಮೇಯವಿಲ್ಲ, ಅದೊಂದು ಲಾಭ.

ಹಾಗಾಗಿ ನನ್ನ ಸಲಹೆ: ಇನ್ನೊಂದು ಬ್ಯಾಟರಿಗೆ, ಮೂರನೇ ಪ್ಯಾನೆಲ್ಲಿಗೆ ಇಡುವ ದುಡ್ಡಿನಲ್ಲಿ ಫ್ರಿಡ್ಜ್ ಬದಲಿಸಿ. ಬ್ಯಾಟರಿ ಐದಾರು ವರ್ಷಕ್ಕೆ ಮತ್ತೆ ಖರ್ಚು ಕೇಳುತ್ತದೆ, ಉಳಿಸಿದ ಯೂನಿಟ್ ಕೇಳುವುದಿಲ್ಲ. ಹೊಸ ಫ್ರಿಡ್ಜ್, 540 ವ್ಯಾಟಿನ ಒಂದು ಪ್ಯಾನೆಲ್ ಅಥವಾ 330ರ ಎರಡು, ಪ್ಯಾನೆಲ್ಲಿನ ಹೆಚ್ಚಿನ ವೋಲ್ಟನ್ನೂ ಬಳಸಿಕೊಳ್ಳುವ ಒಂದು ಒಳ್ಳೆಯ ಎಂಪಿಪಿಟಿ ಚಾರ್ಜ್ ಕಂಟ್ರೋಲರ್. ಇನ್ವರ್ಟರ್, ಬ್ಯಾಟರಿ ಸದ್ಯಕ್ಕೆ ಇರುವುದೇ ಇರಲಿ.

ಫ್ರಿಡ್ಜ್ ಆರಿಸುವಾಗ ಮೂರು ವಿಷಯ ಗಮನಿಸಿ. ಸಿಂಗಲ್ ಡೋರ್ ಡೈರೆಕ್ಟ್ ಕೂಲ್ ತೆಗೆದುಕೊಳ್ಳಿ, ಫ್ರಾಸ್ಟ್ ಫ್ರೀ ಬೇಡ. ಫ್ರಾಸ್ಟ್ ಫ್ರೀಯೊಳಗೆ ಹಿಮ ಕರಗಿಸಲು ಹೀಟರ್ ಇರುತ್ತದೆ, ದಿನಕ್ಕೆ ಎರಡು ಮೂರು ಸಲ 120–200 ವ್ಯಾಟ್ ಎಳೆಯುತ್ತದೆ, ಮಧ್ಯರಾತ್ರಿಯೂ ಎಳೆಯುತ್ತದೆ. ಎರಡನೆಯದು ಇನ್ವರ್ಟರ್ ಕಂಪ್ರೆಸರ್. ಹೆಸರು ಒಂದೇ ಆದರೂ ಗೋಡೆಯ ಮೇಲಿನ ಇನ್ವರ್ಟರಿಗೂ ಇದಕ್ಕೂ ಸಂಬಂಧವಿಲ್ಲ. ಇದು ನಿಧಾನವಾಗಿ ಶುರುವಾಗಿ, ಬೇಕಾದಷ್ಟೇ ವೇಗದಲ್ಲಿ ಓಡುವ ಕಂಪ್ರೆಸರ್. ‘ಸೋಲಾರಿನಲ್ಲಿ ಓಡುತ್ತದೆ’ ಅಥವಾ ‘ಹೋಮ್ ಇನ್ವರ್ಟರಿಗೆ ಕನೆಕ್ಟ್ ಆಗುತ್ತದೆ’ ಎಂಬ ಚೀಟಿ ಅಂಟಿಸಿರುವ ಫ್ರಿಡ್ಜಿನ ಒಳಗುಟ್ಟು ಬಹಳಷ್ಟು ಸಲ ಇಷ್ಟೇ. ಮೂರನೆಯದು ಲೀಟರ್. ಮನೆ ತುಂಬ ಜನ ಇಲ್ಲದಿದ್ದರೆ 190ಕ್ಕಿಂತ ಮೇಲೆ ಹೋಗಬೇಡಿ.

ನಿಧಾನವಾಗಿ ಶುರುವಾಗುವುದು ಯಾಕೆ ಮುಖ್ಯ ಎಂದರೆ, ಹಳೆಯ ಕಂಪ್ರೆಸರ್ ಏಳುವ ಆ ಅರೆಕ್ಷಣದಲ್ಲಿ ಓಡುವಾಗಿನ ಐದರಿಂದ ಎಂಟು ಪಟ್ಟು ಕರೆಂಟ್ ಎಳೆಯುತ್ತದೆ. 12 ವೋಲ್ಟ್ ಬ್ಯಾಟರಿಯ ಕಡೆಯಿಂದ ನೋಡಿದರೆ ಅದು 100 ಆಂಪ್ ಮುಟ್ಟಬಹುದು. ಬ್ಯಾಟರಿ ತುಂಬಿದ್ದಾಗ ಇನ್ವರ್ಟರ್ ಅದನ್ನು ಹೇಗೋ ತಡೆದುಕೊಳ್ಳುತ್ತದೆ. ಬೆಳಗಿನ ಜಾವ ಮೂರಕ್ಕೆ, ಬ್ಯಾಟರಿ ಅರ್ಧವಾಗಿರುವಾಗ, ಟರ್ಮಿನಲ್ಲಿನಲ್ಲಿ ಹಸಿರು ಕಿಲುಬು ಕಟ್ಟಿದ್ದರೆ, ವೋಲ್ಟೇಜ್ ಒಮ್ಮೆಲೇ 10.5ಕ್ಕಿಂತ ಕೆಳಗೆ ಕುಸಿದು ಇನ್ವರ್ಟರ್ ಲೋ ಬ್ಯಾಟರಿ ಎಂದು ಕೂಗಿ ನಿಲ್ಲುತ್ತದೆ. ‘ಹಗಲು ಸರಿ ಓಡುತ್ತದೆ, ರಾತ್ರಿ ಮಾತ್ರ ಟ್ರಿಪ್ ಆಗುತ್ತದೆ’ ಎಂಬ ದೂರಿನ ಮೂಲ ನೂರಕ್ಕೆ ತೊಂಬತ್ತು ಸಲ ಇದೇ. ಇನ್ವರ್ಟರ್ ಬದಲಿಸುವ ಮೊದಲು ಟರ್ಮಿನಲ್ ಬಿಚ್ಚಿ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಿಗಿಮಾಡಿ, ಪೆಟ್ರೋಲಿಯಂ ಜೆಲ್ಲಿ ಹಚ್ಚಿ ನೋಡಿ.

ಇನ್ನೊಂದು ದೂರು: ‘ಫ್ರಿಡ್ಜ್ ಹಿಂದೆ ಎರಡು ನಿಮಿಷಕ್ಕೊಮ್ಮೆ ಟಕ್ ಅನ್ನುತ್ತದೆ, ಓಡುವುದಿಲ್ಲ.’ ಕಂಪ್ರೆಸರ್ ಓಡುತ್ತಿದ್ದಾಗ ಕರೆಂಟ್ ಹೋಗಿ ತಕ್ಷಣ ಬಂದರೆ, ಒಳಗಿನ ಗ್ಯಾಸಿನ ಒತ್ತಡ ಇನ್ನೂ ಇಳಿದಿರುವುದಿಲ್ಲ. ಆ ಒತ್ತಡದ ಎದುರು ಹಳೆಯ ಮೋಟರ್ ಏಳಲಾರದೆ ಬಿಸಿಯಾಗುತ್ತದೆ, ಓವರ್‌ಲೋಡ್ ಸ್ವಿಚ್ಚು ಕಡಿಯುತ್ತದೆ, ತಣಿದ ಮೇಲೆ ಮತ್ತೆ ಯತ್ನಿಸುತ್ತದೆ. ಮೂರರಿಂದ ಐದು ನಿಮಿಷ ಬಿಡುವು ಕೊಟ್ಟರೆ ತಾನಾಗಿ ಏಳುತ್ತದೆ. ಹಳೆಯ ಫ್ರಿಡ್ಜನ್ನೇ ಇಟ್ಟುಕೊಳ್ಳುವುದಾದರೆ ಮೂರು ನಿಮಿಷ ತಡೆದು ಕರೆಂಟ್ ಕೊಡುವ ಸ್ಟೆಬಿಲೈಸರ್ ಅಥವಾ ಟೈಮ್ ಡಿಲೇ ಸಾಧನ ಹಾಕಿಸಿ. ಇನ್ವರ್ಟರ್ ಹಿಂಬದಿಯಲ್ಲಿ ಯುಪಿಎಸ್ ಮೋಡಿನ ಸ್ವಿಚ್ಚಿದ್ದರೆ ಅದನ್ನು ಆನ್ ಮಾಡಿ. ಆಗ ಲೈನಿನಿಂದ ಬ್ಯಾಟರಿಗೆ ದಾಟುವುದು ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗುತ್ತದೆ. ಜೊತೆಗೆ ಲೈನಿನ ವೋಲ್ಟೇಜ್ 180ರ ಆಸುಪಾಸಿಗೆ ಬಿದ್ದರೂ ಅದು ಬ್ಯಾಟರಿಗೆ ದಾಟುತ್ತದೆ. 150 ವೋಲ್ಟಿನಲ್ಲಿ ನರಳಿ ಸುಟ್ಟುಹೋದ ಕಂಪ್ರೆಸರುಗಳು ಹಳ್ಳಿಗಳಲ್ಲಿ ಬೇಕಾದಷ್ಟಿವೆ.

ನಿಮ್ಮದು ಸೈನ್‌ವೇವ್ (ಲೈನಿನ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದು) ಎಂದಿದ್ದೀರಿ, ಒಳ್ಳೆಯದಾಯಿತು. ಸ್ಕ್ವೇರ್‌ವೇವ್ ಆಗಿದ್ದರೆ ಫ್ರಿಡ್ಜ್ ಜೋಡಿಸಲೇಬೇಡಿ ಎನ್ನುತ್ತಿದ್ದೆ: ಮೋಟರ್ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ, ಹೊಸ ಫ್ರಿಡ್ಜಾದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ ಪೆಟ್ಟು.

ಈಗ ಕಂಟ್ರೋಲರ್ ವಿಷಯ. ದುಡ್ಡು ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲೇ. ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ಎಂದರೆ ಪ್ಯಾನೆಲ್ಲನ್ನು ನೇರ ಬ್ಯಾಟರಿಗೆ ಜೋಡಿಸಿ ಬಿಡಿಸುವ ಒಂದು ಸ್ವಿಚ್ಚು, ಅಷ್ಟೆ. 330 ವ್ಯಾಟಿನ ಪ್ಯಾನೆಲ್ ದುಡಿಯುವುದು 37 ವೋಲ್ಟಿನಲ್ಲಿ, ಸುಮಾರು 8.8 ಆಂಪ್. ಅದನ್ನು 13 ವೋಲ್ಟಿನ ಬ್ಯಾಟರಿಗೆ ಕಟ್ಟಿದರೆ ಆಂಪ್ ಅಷ್ಟೇ ಇರುತ್ತದೆ, ವೋಲ್ಟ್ ಮಾತ್ರ ಬ್ಯಾಟರಿಯದ್ದಾಗುತ್ತದೆ: 8.8 ಗುಣಿಸು 13, ಅಂದರೆ 115 ವ್ಯಾಟ್. ಮೂರನೇ ಎರಡು ಪಾಲು ಛಾವಣಿಯ ಮೇಲೇ ಉಳಿಯಿತು. ಎಂಪಿಪಿಟಿ ಕಂಟ್ರೋಲರ್ ಹೆಚ್ಚಿನ ವೋಲ್ಟನ್ನು ಇಳಿಸಿ ಆಂಪ್ ಆಗಿ ಬದಲಿಸುತ್ತದೆ. 36 ಸೆಲ್ಲಿನ, 18 ವೋಲ್ಟಿನ ಹಳೆಯ ಮಾದರಿ ಪ್ಯಾನೆಲ್ಲಿಗೆ ಪಿಡಬ್ಲ್ಯೂಎಂ ನಡೆಯುತ್ತದೆ, ಈಗಿನ ದೊಡ್ಡ ಪ್ಯಾನೆಲ್ಲುಗಳಿಗೆ ನಡೆಯುವುದಿಲ್ಲ.

ಎಂಪಿಪಿಟಿ ಕೊಳ್ಳುವಾಗ ಅದು ತಡೆಯುವ ಗರಿಷ್ಠ ಪ್ಯಾನೆಲ್ ವೋಲ್ಟೇಜ್ ಎಷ್ಟೆಂದು ನೋಡಿ. ಕೆಲವು ಸಣ್ಣವು 50 ವೋಲ್ಟಿಗೇ ನಿಲ್ಲುತ್ತವೆ. 540 ವ್ಯಾಟಿನ ಪ್ಯಾನೆಲ್ ಲೋಡ್ ಇಲ್ಲದಾಗ 49.5 ವೋಲ್ಟ್ ತೋರಿಸುತ್ತದೆ. ಸರಿಯಾಗಿ ಹೊಂದಿತು ಅನಿಸುತ್ತದೆ ಅಲ್ಲವೇ? ಆದರೆ ಆ 49.5 ಅಳೆದದ್ದು 25 ಡಿಗ್ರಿಯಲ್ಲಿ. ಪ್ಯಾನೆಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ. ಡಿಸೆಂಬರಿನ 12 ಡಿಗ್ರಿಯ ಬೆಳಗಿನಲ್ಲಿ ಮೊದಲ ಬಿಸಿಲು ಬಿದ್ದಾಗ ಅದು 51 ದಾಟುತ್ತದೆ, ಕಂಟ್ರೋಲರ್ ಸುಡುತ್ತದೆ, ವಾರಂಟಿಯವರು ಒಪ್ಪುವುದಿಲ್ಲ. 100 ವೋಲ್ಟ್ ತಡೆಯುವ, 30 ಆಂಪಿನದು ತೆಗೆದುಕೊಳ್ಳಿ. 12 ವೋಲ್ಟ್ ಬ್ಯಾಟರಿಗೆ 30 ಆಂಪ್ ಎಂದರೆ 400 ವ್ಯಾಟ್ ಮಾತ್ರ, 540ರ ಪ್ಯಾನೆಲ್ ದಂಡವಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ, ಮಾರ್ಚ್ ಮಧ್ಯಾಹ್ನದಲ್ಲಿ, ಬ್ಯಾಟರಿ ಹೇಗೂ ತುಂಬಿರುವಾಗ. ನೀವು ದೊಡ್ಡ ಪ್ಯಾನೆಲ್ ಹಾಕುತ್ತಿರುವುದು ಜುಲೈಗೆ. ಜುಲೈನಲ್ಲಿ ಅದು 400 ಮುಟ್ಟಿದರೆ ಹಬ್ಬ. ಹೇಗೂ 150 ಎಎಚ್ ಲೆಡ್ ಆಸಿಡ್ ಬ್ಯಾಟರಿಗೆ 15ರಿಂದ 25 ಆಂಪ್ ಚಾರ್ಜೇ ಹಿತ, ಕಂಟ್ರೋಲರಿನಲ್ಲಿ ಮಿತಿ ಇಡುವ ಸೌಲಭ್ಯವಿದ್ದರೆ 25ಕ್ಕೆ ಇಡಿ.

330ರ ಎರಡು ಪ್ಯಾನೆಲ್ ಹಾಕುವುದಾದರೆ ಪ್ಯಾರಲಲ್ ಆಗಿ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಜೋಡಿಸಿ. ಸೀರೀಸ್ ಮಾಡಿದರೆ ಚಳಿ ಬೆಳಗಿನಲ್ಲಿ 95 ವೋಲ್ಟ್ ಮುಟ್ಟಿ 100ರ ಅಂಚಿಗೆ ಬರುತ್ತದೆ. ಅಲ್ಲದೆ ಒಂದರ ಮೇಲೆ ಅಡಿಕೆ ಸೋಗೆಯ ನೆರಳು ಬಿದ್ದರೆ ಪ್ಯಾರಲಲ್ಲಿನಲ್ಲಿ ಇನ್ನೊಂದು ತನ್ನ ಪಾಡಿಗೆ ದುಡಿಯುತ್ತಿರುತ್ತದೆ. ನೆರಳಿನ ವಿಷಯದಲ್ಲಿ ರಾಜಿ ಬೇಡ. ಒಂದು ತೆಂಗಿನ ಗರಿಯ ನೆರಳು ಪ್ಯಾನೆಲ್ಲಿನ ಮೂರನೇ ಒಂದು ಭಾಗವನ್ನು ಮಲಗಿಸಬಲ್ಲದು, ಯಾಕೆಂದರೆ ಒಳಗಿನ ಸೆಲ್ಲುಗಳು ಮೂರು ಗುಂಪಾಗಿ ಕಟ್ಟಿಕೊಂಡಿರುತ್ತವೆ.

ಎಲ್ಲಿ ಇಡುವುದು? ಹಂಚಿನ ಮಾಡಿನ ಮೇಲೆ ಕೂರಿಸುವುದಕ್ಕಿಂತ ಅಂಗಳದ ಅಂಚಿನಲ್ಲಿ, ಆಕಾಶ ತೆರೆದ ಕಡೆ, ಜಿಐ ಪೈಪಿನ ಸ್ಟ್ಯಾಂಡ್ ಮೇಲೆ ಇಡುವುದು ನಿಮ್ಮ ಕಡೆಗೆ ಒಳ್ಳೆಯದು. ಹಂಚು ಒಡೆದು ಸೋರುವ ತಾಪತ್ರಯವಿಲ್ಲ, ಒರೆಸುವುದು ಸುಲಭ. ದಕ್ಷಿಣಕ್ಕೆ ಮುಖ, ಓರೆ 10ರಿಂದ 13 ಡಿಗ್ರಿ ಸಾಕು. ಜೂನಿನಲ್ಲಿ ನಮ್ಮ ನೆತ್ತಿಯನ್ನು ದಾಟಿ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ದಕ್ಷಿಣಕ್ಕೆ ಕಡಿದಾಗಿ ಎತ್ತಿ ಕಟ್ಟಿದರೆ ಬೇಕಾದ ತಿಂಗಳಲ್ಲೇ ನಷ್ಟ. ಹಾಗೆಂದು ಪೂರ್ತಿ ಮಟ್ಟಸ ಇಟ್ಟರೆ ಕೆಳಗಿನ ಅಂಚಿನಲ್ಲಿ ನೀರು ನಿಂತು ಪಾಚಿ ಹಿಡಿಯುತ್ತದೆ. ಮೋಡದ ದಿನ ಬೆಳಕು ಎಲ್ಲ ದಿಕ್ಕಿನಿಂದ ಬರುವುದರಿಂದ ಆಗ ದಿಕ್ಕಿಗಿಂತ ಮುಖ್ಯ ತೆರೆದ ಆಕಾಶ. ಮಂಗಗಳ ಕಾಟವಿದ್ದರೆ ತಂತಿಯನ್ನು ಬಿಡಿಯಾಗಿ ನೇತಾಡಲು ಬಿಡದೆ ಪೈಪಿನೊಳಗೆ ಹಾಕಿಸಿ. ಅವಕ್ಕೆ ಪ್ಯಾನೆಲ್ಲಿಗಿಂತ ತಂತಿಯ ಮೇಲೆ ಪ್ರೀತಿ ಜಾಸ್ತಿ.

ಪ್ಯಾನೆಲ್ ಅಂಗಳದಲ್ಲಿ, ಬ್ಯಾಟರಿ ಒಳಗೆ, ಕಂಟ್ರೋಲರ್ ಎಲ್ಲಿರಬೇಕು? ಬ್ಯಾಟರಿಯ ಪಕ್ಕ, ಒಂದೆರಡು ಮೀಟರಿನೊಳಗೆ. 4 ಚದರ ಎಂಎಂ ತಾಮ್ರದ ತಂತಿಯಲ್ಲಿ 20 ಮೀಟರ್ ದೂರಕ್ಕೆ, ಹೋಗಿ ಬರುವ ಎರಡೂ ದಾರಿ ಸೇರಿ, ಸುಮಾರು 0.2 ಓಮ್ ತಡೆ ಇರುತ್ತದೆ. 330ರ ಒಂದು ಪ್ಯಾನೆಲ್ಲಿನ 9 ಆಂಪ್ ಅದರಲ್ಲಿ ಹರಿದರೆ 37ರಲ್ಲಿ 1.8 ವೋಲ್ಟ್ ಹೋಗುತ್ತದೆ, ಸಹಿಸಬಹುದು. ಕಂಟ್ರೋಲರನ್ನು ಪ್ಯಾನೆಲ್ ಬುಡದಲ್ಲಿಟ್ಟು ಅದೇ ತಂತಿಯಲ್ಲಿ 13 ವೋಲ್ಟ್, 25 ಆಂಪ್ ತರಲು ಹೊರಟರೆ ನಾಲ್ಕೈದು ವೋಲ್ಟ್ ದಾರಿಯಲ್ಲೇ ಸಾಯುತ್ತದೆ, ಬ್ಯಾಟರಿ ಎಂದಿಗೂ ತುಂಬುವುದಿಲ್ಲ. ಎರಡು ಪ್ಯಾನೆಲ್ ಅಥವಾ 540ರದ್ದಾದರೆ 6 ಚದರ ಎಂಎಂ ಎಳೆಸಿ.

ಪ್ಯಾನೆಲ್ ಕಡೆಗೆ ಡಿಸಿ ಎಂಸಿಬಿಯನ್ನೇ (ಅತಿ ಕರೆಂಟ್ ಹರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಹಾಕಿಸಿ. ಮನೆಯ ಎಸಿ ಎಂಸಿಬಿ ಡಿಸಿಯ ಕಿಡಿಯನ್ನು ಆರಿಸಲಾರದೆ ಒಳಗೇ ಉರಿದುಹೋಗಬಹುದು. ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಕಂಟ್ರೋಲರ್ ದಾರಿಗೆ 40 ಆಂಪ್ ಫ್ಯೂಸ್, ಇನ್ವರ್ಟರ್ ದಾರಿಗೆ 100–125 ಆಂಪ್ ಫ್ಯೂಸ್. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಈ ಕ್ರಮ ತಪ್ಪಿದರೆ ಬ್ಯಾಟರಿಯ ಆಸರೆ ಇಲ್ಲದೆ ಪ್ಯಾನೆಲ್ ವೋಲ್ಟೇಜ್ ನೇರ ಕಂಟ್ರೋಲರ್ ಮೇಲೆ ಕೂರುತ್ತದೆ. ಟ್ಯೂಬುಲರ್ ಬ್ಯಾಟರಿಗೆ ಚಾರ್ಜ್ ವೋಲ್ಟೇಜ್ 14.4, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 13.6 ಇಡಿ. ಏಪ್ರಿಲ್–ಮೇ ಗುಡುಗಿನ ಕಾಲ ನಿಮಗೆ ಗೊತ್ತೇ ಇದೆ, ಸ್ಟ್ಯಾಂಡಿಗೆ ಅರ್ಥಿಂಗ್, ಪ್ಯಾನೆಲ್ ಲೈನಿಗೆ ಸರ್ಜ್ ಪ್ರೊಟೆಕ್ಟರ್ ಬೇಕೇ ಬೇಕು.

ಫ್ರಿಡ್ಜಿನ ಸಾಕೆಟ್ಟು ಇನ್ವರ್ಟರ್ ಲೈನಿನಲ್ಲಿಲ್ಲ ಎಂದಿದ್ದೀರಿ. ಹೆಚ್ಚಿನ ಮನೆಗಳಲ್ಲಿ ಹಾಗೇ. ಇನ್ವರ್ಟರ್ ಔಟ್‌ಪುಟ್ಟಿನಿಂದ 2.5 ಚದರ ಎಂಎಂ ತಂತಿಯಲ್ಲಿ ಬೇರೆಯೇ ಲೈನ್ ಎಳೆಸಿ. ಆ ಸಾಕೆಟ್ಟಿಗೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಯಾರೂ ಸಿಕ್ಕಿಸದ ಹಾಗೆ ಫ್ರಿಡ್ಜಿನ ಹಿಂದೆಯೇ ಇರಲಿ. ಅರ್ಥ್ ತಂತಿಯನ್ನು ಬಿಡಬೇಡಿ, ಮಳೆಗಾಲದ ಒದ್ದೆ ನೆಲದಲ್ಲಿ ಫ್ರಿಡ್ಜಿನ ಮೈ ಜುಮ್ಮೆನ್ನಬಾರದು.

ಬಿಲ್ಲಿನ ಪ್ರಶ್ನೆ. 2023ರಿಂದ ಗೃಹಜ್ಯೋತಿಯಲ್ಲಿ ನಿಮ್ಮ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ, 200 ಯೂನಿಟ್ಟಿನೊಳಗೆ ಬಿಲ್ ಸೊನ್ನೆ. ನೀವು ಅದರೊಳಗಿದ್ದರೆ ಸೋಲಾರಿನಿಂದ ಉಳಿಯುವ ದುಡ್ಡೂ ಸೊನ್ನೆ. ನೀವು ಇದನ್ನು ಮಾಡುತ್ತಿರುವುದು ಕರೆಂಟ್ ಇಲ್ಲದ ದಿನಗಳಿಗೆ ಮಾತ್ರ. ಇದನ್ನು ಒಪ್ಪಿಕೊಂಡರೆ ಒಂದು ದೊಡ್ಡ ಖರ್ಚು ತಪ್ಪುತ್ತದೆ. ಇರುವ ಇನ್ವರ್ಟರಿಗೆ ಪಕ್ಕದಿಂದ ಸೋಲಾರ್ ಕಂಟ್ರೋಲರ್ ಜೋಡಿಸಿದರೆ, ಕರೆಂಟ್ ಇರುವ ದಿನ ಲೈನೇ ಬ್ಯಾಟರಿಯನ್ನು ತುಂಬಿಬಿಡುತ್ತದೆ, ಸೋಲಾರಿಗೆ ಕೆಲಸವೇ ಉಳಿಯುವುದಿಲ್ಲ. ಇದನ್ನು ದೋಷ ಎಂದು ತೋರಿಸಿ ಹಗಲು ಲೈನ್ ಕಡಿಯುವ ಇನ್ನೊಂದು ಪೆಟ್ಟಿಗೆಯನ್ನೋ ಹೊಸ ಸೋಲಾರ್ ಇನ್ವರ್ಟರನ್ನೋ ಮಾರುತ್ತಾರೆ. ಬಿಲ್ ಕಟ್ಟುವವರಿಗೆ ಅದು ಬೇಕು. ನಿಮಗೆ ಬೇಡ. ಮರ ಬೀಳುವ ಕ್ಷಣದಲ್ಲಿ ಬ್ಯಾಟರಿ ಪೂರ್ತಿ ತುಂಬಿರುವುದೇ ನಿಮಗೆ ಲಾಭ. ಲೆಡ್ ಆಸಿಡ್ ಬ್ಯಾಟರಿಗೂ ಅದೇ ಆರೋಗ್ಯ. ಜೂನಿನಿಂದ ಸೆಪ್ಟೆಂಬರ್ ತನಕ ಬರೀ ಸೋಲಾರಿನ ಮೇಲೆ ಬಿಟ್ಟರೆ ಅದು ವಾರಗಟ್ಟಲೆ ಅರ್ಧ ಹೊಟ್ಟೆಯಲ್ಲಿ ಕೂತು, ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಎರಡೇ ಮಳೆಗಾಲದಲ್ಲಿ ಕೈಕೊಡುತ್ತದೆ.

ಪಿಎಂ ಸೂರ್ಯಘರ್ ಯೋಜನೆಯ ಬಗ್ಗೆಯೂ ಯಾರಾದರೂ ಹೇಳಿಯೇ ಇರುತ್ತಾರೆ. 2024ರಲ್ಲಿ ಶುರುವಾದ ಅದರಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿಯವರೆಗೆ ಸಹಾಯಧನ ಇರುವುದು ನಿಜ. ಆದರೆ ಬ್ಯಾಟರಿ ಇಲ್ಲದ, ಲೈನಿಗೇ ಜೋಡಿಸುವ ಸಾಮಾನ್ಯ ಆನ್‌ಗ್ರಿಡ್ ಸೋಲಾರ್ ಲೈನ್ ಹೋದ ಕ್ಷಣ ತಾನೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯಬಾರದೆಂದು ಬೇಕಂತಲೇ ಹಾಗೆ ಮಾಡಿದ್ದಾರೆ. ನೀವು ಕೇಳಿದ ಕಷ್ಟಕ್ಕೆ ಅದು ಉತ್ತರವಲ್ಲ.

ಇನ್ನು ನಿಜವಾದ ಪರೀಕ್ಷೆ: ಮೂರು ದಿನ ಕರೆಂಟಿಲ್ಲ, ಮೂರು ದಿನವೂ ಹಿಡಿದ ಮಳೆ. 540ರ ಪ್ಯಾನೆಲ್ ಅಂಥ ದಿನ ಕೊಡುವುದು 0.38 ಯೂನಿಟ್. ಹೊಸ ಫ್ರಿಡ್ಜಿಗೇ 1.15 ಬೇಕಿತ್ತು. ಮೊದಲ ದಿನ ಬ್ಯಾಟರಿಯ ಬಲದಿಂದ ದಾಟುತ್ತೀರಿ, ಎರಡನೇ ರಾತ್ರಿ ಕತ್ತಲು. ಇಲ್ಲಿ ಇನ್ನೊಂದು ಪ್ಯಾನೆಲ್ ಹಾಕಿದರೂ ಹೆಚ್ಚು ಸಾಧಿಸುವುದಿಲ್ಲ. ಸಾಧಿಸುವುದು ಮಂಜುಗಡ್ಡೆ.

ಒಂದು ಕಿಲೋ ಮಂಜುಗಡ್ಡೆ ಕರಗುವಾಗ 93 ವ್ಯಾಟ್ ಅವರ್‌ನಷ್ಟು ಶಾಖ ಹೀರುತ್ತದೆ. ಹೊಸ 190 ಲೀಟರಿನ ಫ್ರಿಡ್ಜಿನೊಳಕ್ಕೆ ಹೊರಗಿನಿಂದ ನುಗ್ಗುವ ಶಾಖ ಸರಾಸರಿ 30 ವ್ಯಾಟ್ ಆಸುಪಾಸು. ಐದು ಕಿಲೋ ಮಂಜುಗಡ್ಡೆ ಇದ್ದರೆ, ಬಾಗಿಲು ತೆಗೆಯದಿದ್ದಲ್ಲಿ, ಹದಿನೈದು ಗಂಟೆಯ ತಂಪು ಸಿಕ್ಕಿತು. ಬಾಗಿಲು ತೆಗೆದು ಹಾಕುವುದೆಲ್ಲ ಸೇರಿ ಒಂದು ರಾತ್ರಿ ಎನ್ನಿ. ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಕಾಯುವುದು ಇದೇ ತತ್ವದ ಐಸ್ ಲೈನ್ಡ್ (ಒಳಗೋಡೆಯ ಸುತ್ತ ಮಂಜುಗಡ್ಡೆ ಇರುವ) ಪೆಟ್ಟಿಗೆಗಳು. ಬ್ಯಾಟರಿಯೇ ಇಲ್ಲದೆ ಪ್ಯಾನೆಲ್ಲಿನಿಂದ ನೇರ ಓಡುವ ಸೋಲಾರ್ ಲಸಿಕೆ ಫ್ರಿಡ್ಜುಗಳಿಗೆ ಬಿಸಿಲಿಲ್ಲದೆ ಕನಿಷ್ಠ ಮೂರು ದಿನ ತಂಪು ಹಿಡಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮವೇ ಇದೆ. ಅಲ್ಲಿಯೂ ಬ್ಯಾಟರಿಯ ಕೆಲಸ ಮಾಡುವುದು ಮಂಜುಗಡ್ಡೆ.

ಒಂದು ಲೀಟರಿನ ಐದು ಪ್ಲಾಸ್ಟಿಕ್ ಬಾಟಲಿಗಳಿಗೆ 900 ಮಿಲಿ ನೀರು ತುಂಬಿ, ಹಿಗ್ಗಲು ಜಾಗ ಬಿಟ್ಟು, ಮಳೆ ಹಿಡಿಯುವ ಮೊದಲೇ ಫ್ರೀಜರಿನಲ್ಲಿ ಮಲಗಿಸಿಡಿ. ಒಂದೇ ದಿನ ಐದನ್ನೂ ಇಡಬೇಡಿ, ದಿನಕ್ಕೆ ಎರಡು. ಮೊದಲ ಸಲ ಗಡ್ಡೆ ಕಟ್ಟಲು ಒಟ್ಟು ಅರ್ಧ ಯೂನಿಟ್‌ನಷ್ಟು ಕರೆಂಟ್ ಹೋಗುತ್ತದೆ, ಆಮೇಲೆ ಅವು ಅಲ್ಲೇ ಕಾಯುತ್ತಿರುತ್ತವೆ. ಡೈರೆಕ್ಟ್ ಕೂಲ್ ಬೇಕೆಂದದ್ದು ಇದಕ್ಕೂ ಹೌದು: ಅದರಲ್ಲಿ ತಂಪು ಗಾಳಿ ಫ್ರೀಜರಿನಿಂದ ತಾನಾಗಿ ಕೆಳಗಿಳಿಯುತ್ತದೆ. ಫ್ರಾಸ್ಟ್ ಫ್ರೀಯಲ್ಲಿ ಫ್ಯಾನ್ ನಿಂತರೆ ಮೇಲಿನ ತಂಪು ಮೇಲೇ ಉಳಿಯುತ್ತದೆ.

ಕರೆಂಟ್ ಹೋದ ಮೇಲೆ ಫ್ರಿಡ್ಜನ್ನು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮಾತ್ರ ಓಡಿಸಿ. ಸಾಕೆಟ್ಟಿಗೆ ಟೈಮರ್ ಹಾಕಿದರೆ ಮರೆಯುವ ಭಯವಿಲ್ಲ. ಮಲಗುವಾಗ ಇನ್ವರ್ಟರನ್ನೇ ಆಫ್ ಮಾಡಿ, ರಾತ್ರಿಗೆ ಒಂದು ಚಾರ್ಜಿಂಗ್ ದೀಪ ಇಟ್ಟುಕೊಳ್ಳಿ. ಇನ್ವರ್ಟರ್ ಸುಮ್ಮನೆ ತಿನ್ನುವ 0.36ರಲ್ಲಿ ಮೂರನೇ ಎರಡು ಪಾಲಿನವರೆಗೆ ಉಳಿಯುತ್ತದೆ. ಹೀಗೆ ಮಾಡಿದರೆ ದಿನದ ಅಗತ್ಯ 0.8ಕ್ಕೆ ಇಳಿಯುತ್ತದೆ, ಬ್ಯಾಟರಿಯ 0.9 ಮತ್ತು ದಿನಕ್ಕೆ 0.38 ಸೇರಿ ಎರಡು ದಿನ ದಾಟುತ್ತದೆ, ಉಳಿದದ್ದನ್ನು ಗಡ್ಡೆ ತಡೆಯುತ್ತದೆ. ತೋಟದ ಕೆಲಸಕ್ಕೆ ಸಣ್ಣ ಜನರೇಟರ್ ಇದ್ದರೆ ಮೂರನೇ ದಿನ ಎರಡು ಗಂಟೆ ಓಡಿಸಿ, ಫ್ರಿಡ್ಜಿಗೂ ಇನ್ವರ್ಟರಿನ ಚಾರ್ಜರಿಗೂ ಒಟ್ಟಿಗೆ ಕೊಡಿ.

ಮುಂದೆ ಈ ಬ್ಯಾಟರಿ ಮುಗಿದಾಗ ಲಿಥಿಯಂ ಐರನ್ ಫಾಸ್ಫೇಟ್ ನೋಡಬಹುದು. 12.8 ವೋಲ್ಟ್, 100 ಎಎಚ್‌ನದರಲ್ಲಿ 1.28 ಯೂನಿಟ್ ಇದ್ದು 1.1ರಷ್ಟು ನಿಜವಾಗಿ ಬಳಸಬಹುದು, ಅರ್ಧ ತುಂಬಿ ಕೂತರೂ ಅದಕ್ಕೆ ಬೇಸರವಿಲ್ಲ. ಆದರೆ ನಿಮ್ಮ ಇನ್ವರ್ಟರಿನ ಚಾರ್ಜರಿಗೆ ಲಿಥಿಯಂ ಸೆಟ್ಟಿಂಗ್ ಇದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಇನ್ವರ್ಟರ್ ಬೇಡವೇ ಬೇಡ ಎನ್ನುವವರಿಗೆ 12 ವೋಲ್ಟಿನಲ್ಲೇ ಓಡುವ ಡಿಸಿ ಫ್ರಿಡ್ಜುಗಳಿವೆ. ದೋಣಿ, ಲಾರಿಗಳಿಗೆಂದು ಡಾನ್‌ಫಾಸ್ ಮಾಡುತ್ತಿದ್ದ, ಈಗ ಸೆಕಾಪ್ ಹೆಸರಿನಲ್ಲಿ ಬರುವ ಬಿಡಿ35 ಕಂಪ್ರೆಸರ್ ಇದರಲ್ಲಿ ಹೆಸರುವಾಸಿ. ತಾಂತ್ರಿಕವಾಗಿ ಅದೇ ಸೊಗಸಾದ ದಾರಿ, ಆದರೆ ಲೀಟರಿಗೆ ಬೀಳುವ ಬೆಲೆ ಹೆಚ್ಚು, ಕೆಟ್ಟರೆ ಕೊಪ್ಪ–ಶೃಂಗೇರಿಯಲ್ಲಿ ರಿಪೇರಿಯವರನ್ನು ಹುಡುಕಬೇಕು.

ಕೊನೆಗೆ ಇನ್ಸುಲಿನ್. ತೆರೆಯದ ಬಾಟಲಿಗೆ ಬೇಕಾದ್ದು 2ರಿಂದ 8 ಡಿಗ್ರಿ. ಕರೆಂಟ್ ಹೋದಾಗ ಗಾಬರಿಯಲ್ಲಿ ಅದನ್ನು ಫ್ರೀಜರಿಗೆ ಹಾಕುವುದು, ಮಂಜುಗಡ್ಡೆಯ ಬಾಟಲಿಗೆ ತಾಗಿಸಿ ಇಡುವುದು ದೊಡ್ಡ ತಪ್ಪು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆ ಕಂಡರೂ ಕೆಲಸಕ್ಕೆ ಬರುವುದಿಲ್ಲ, ಎಸೆಯಬೇಕು. ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಹಾಕಿ ನಡುವಿನ ತಟ್ಟೆಯ ಮುಂಭಾಗದಲ್ಲಿಡಿ. ಹಿಂಗೋಡೆಗೆ ತಾಗಬಾರದು, ಬಾಗಿಲಿನ ಗೂಡೂ ಬೇಡ. ಡಬ್ಬಿಯ ಪಕ್ಕದಲ್ಲೇ ಒಂದು ಫ್ರಿಡ್ಜ್ ಥರ್ಮಾಮೀಟರ್ ಇರಲಿ. ಬಳಕೆಗೆ ತೆರೆದ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರ ಹೊರಗಿನ ತಂಪು ಜಾಗದಲ್ಲಿ ತಡೆಯುತ್ತದೆ. ಆ ಮದ್ದಿನ ಪೆಟ್ಟಿಗೆಯೊಳಗಿನ ಚೀಟಿ ನೋಡಿ, ವೈದ್ಯರನ್ನೂ ಒಮ್ಮೆ ಕೇಳಿಕೊಳ್ಳಿ. ಹಾಗಾಗಿ ಬಳಸುತ್ತಿರುವ ಬಾಟಲಿಗಾಗಿ ಪದೇಪದೇ ಫ್ರಿಡ್ಜ್ ಬಾಗಿಲು ತೆಗೆಯುವ ಅಗತ್ಯವಿಲ್ಲ. ಕರೆಂಟಿಲ್ಲದ ದಿನ ಬಾಗಿಲನ್ನು ಬೆಳಿಗ್ಗೆ ಒಮ್ಮೆ, ಸಂಜೆ ಐದರೊಳಗೆ ಒಮ್ಮೆ ತೆಗೆದರೆ ಸಾಕು. ಥರ್ಮಾಮೀಟರ್ 8 ದಾಟಿದ್ದು ಕಂಡರೆ ಕರಗದೆ ಉಳಿದ ಮಂಜುಗಡ್ಡೆಯ ಒಂದು ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಮೇಲಿನ ತಟ್ಟೆಗೆ ತಂದಿಡಿ, ಇನ್ಸುಲಿನ್ ಡಬ್ಬಿ ಇದ್ದಲ್ಲೇ ಇರಲಿ.